ಚಳಿಗಾಲದಲ್ಲಿ ಶಾಖದ ಸಂಚಾರ: ಮನೆಯಲ್ಲಿ, ಪ್ರಯಾಣದಲ್ಲಿ

ಧನುರ್ಮಾಸದ ಮುಂಜಾನೆ ಹಾಸಿಗೆಯಿಂದೆದ್ದು ಹಿತ್ತಲಿಗೆ ಹೊರಟವನು ಚಾಪೆಯಿಂದ ಕಲ್ಲುಚಪ್ಪಡಿಯ ನೆಲಕ್ಕೆ ಕಾಲಿಟ್ಟೊಡನೆ ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತಾನೆ. ನೀರು ತುಂಬಿದ ಸ್ಟೀಲಿನ ಚೆಂಬನ್ನು ಮುಟ್ಟಿದರೆ ಬೆರಳು ಕೊರೆಯುತ್ತದೆ. ಅದರ ಪಕ್ಕದಲ್ಲಿಯೇ ಇರುವ ಮರದ ಮಣೆ ಅಷ್ಟು ತಣ್ಣಗೆನಿಸುವುದಿಲ್ಲ. ಕಲ್ಲಿಗೂ ಲೋಹಕ್ಕೂ ತಂಪು ಹುಟ್ಟುಗುಣವೆಂದೂ ಮರಕ್ಕೆ ಬೆಚ್ಚಗಿರುವುದು ಹುಟ್ಟುಗುಣವೆಂದೂ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಉಷ್ಣಮಾಪಕವೊಂದನ್ನು ತಂದು ಒಂದೊಂದಕ್ಕೂ ತಾಗಿಸಿ ನೋಡಿದರೆ, ಇರುಳೆಲ್ಲ ಒಂದೇ ಕೋಣೆಯಲ್ಲಿದ್ದ ಚಾಪೆ, ಚಪ್ಪಡಿ, ಚೆಂಬು, ಮಣೆ ಇವೆಲ್ಲವೂ ಹೆಚ್ಚುಕಡಮೆ ಒಂದೇ ಉಷ್ಣತೆಯಲ್ಲಿರುವುದು ಕಂಡುಬರುತ್ತದೆ. ಹಾಗಾದರೆ ನಮ್ಮ ಕೈ ಸುಳ್ಳು ಹೇಳುತ್ತದೆಯೇ?

ಕೈ ಸುಳ್ಳು ಹೇಳುವುದಿಲ್ಲ. ಉಷ್ಣಮಾಪಕ ಆ ವಸ್ತುವಿನ ಉಷ್ಣತೆಯನ್ನು ತೋರಿಸುತ್ತದೆ. ಕೈ ತನ್ನಿಂದ ಶಾಖ ಎಷ್ಟು ಬೇಗ ಹೊರಡುತ್ತಿದೆ ಎಂಬುದನ್ನು ತಿಳಿಸುತ್ತದೆ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಚಳಿಗಾಲದ ಬಹುಪಾಲು ಸಂಗತಿಗಳು, ಮನೆಯಲ್ಲಿಯವಾಗಲಿ ದೂರದ ಊರಿನವಾಗಲಿ, ತಾವಾಗಿಯೇ ತಿಳಿಯಾಗುತ್ತವೆ. ಕೆಲವು ಸಂದರ್ಭಗಳಲ್ಲಿ ಈ ತಿಳಿವಳಿಕೆ ಪ್ರಾಣವನ್ನೂ ಉಳಿಸಬಲ್ಲದು.

ಶಾಖ ಹೊರಡುವ ದಾರಿಗಳು

ನಮ್ಮ ದೇಹದೊಳಗಿನ ಉಷ್ಣತೆ ಸುಮಾರು ೩೭ ಡಿಗ್ರಿ ಸೆಲ್ಸಿಯಸ್. ಸುಮ್ಮನೆ ಕುಳಿತಿರುವ ಪ್ರಾಯದ ಮನುಷ್ಯನ ದೇಹ ಉಂಡ ಅನ್ನವನ್ನು ಬಳಸಿಕೊಂಡು ಸುಮಾರು ೧೦೦ ವಾಟಿನಷ್ಟು ಶಾಖವನ್ನು, ಎಂದರೆ ಹಿಂದಿನ ಕಾಲದ ನೂರು ವಾಟಿನ ತಂತಿದೀಪದಷ್ಟನ್ನು, ಎಡೆಬಿಡದೆ ಉತ್ಪಾದಿಸುತ್ತದೆ. ಈ ಶಾಖ ಹೊರಗೆ ಹೋಗಲೇಬೇಕು. ತಕ್ಕ ವೇಗದಲ್ಲಿ ಹೋದರೆ ನಮಗೆ ಹಿತವೆನಿಸುತ್ತದೆ. ನಿಧಾನವಾದರೆ ಸೆಕೆ, ವೇಗ ಮೀರಿದರೆ ಚಳಿ. ಆದುದರಿಂದ ಚಳಿ ಎಂಬ ಪದಾರ್ಥವೊಂದು ಹೊರಗಿನಿಂದ ಮೈಯೊಳಗೆ ನುಗ್ಗುವುದೆಂಬ ಮಾತು ಆಡುಮಾತಿಗೆ ಸರಿ, ವಿಜ್ಞಾನಕ್ಕೆ ಸರಿಯಲ್ಲ.

ಶಾಖ ದೇಹವನ್ನು ಬಿಡಲು ನಾಲ್ಕು ದಾರಿಗಳಿವೆ. ಮುಟ್ಟಿದ ವಸ್ತುವಿನ ಮೂಲಕ ಹರಿಯುವುದು ವಹನ. ಸ್ಟೀಲು ಶಾಖವನ್ನು ಮರಕ್ಕಿಂತ ಸುಮಾರು ನೂರು ಪಟ್ಟು ಚೆನ್ನಾಗಿ ಸಾಗಿಸುವುದರಿಂದಲೇ ಚೆಂಬು ಕೊರೆಯುತ್ತದೆ. ಸುತ್ತಲಿನ ಗಾಳಿ ಬೆಚ್ಚಗಾಗಿ ಮೇಲಕ್ಕೆ ಹೋಗಿ, ಅದರ ಜಾಗಕ್ಕೆ ತಣ್ಣನೆಯ ಗಾಳಿ ಬರುವುದು ಸಂವಹನ. ಏನನ್ನೂ ಮುಟ್ಟದೆ, ನಡುವೆ ಗಾಳಿಯ ನೆರವನ್ನೂ ಬೇಡದೆ ಕಿರಣರೂಪದಲ್ಲಿ ಹೊರಡುವುದು ವಿಕಿರಣ. ಇನ್ನು ನೀರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುವುದು ನಾಲ್ಕನೆಯ ದಾರಿ. ಮೈಮೇಲಿನ ಒಂದು ಗ್ರಾಂ ನೀರು ಆರಬೇಕಾದರೆ ಸುಮಾರು ೫೮೦ ಕ್ಯಾಲೊರಿ ಶಾಖ ಬೇಕು. ಬಿಸಿನೀರಿನಲ್ಲಿ ಮಿಂದು ಬಚ್ಚಲಿನಿಂದ ಹೊರಗೆ ಬಂದೊಡನೆ ಹಲ್ಲು ಕಟಕಟಿಸುವುದಕ್ಕೆ ಮೈಮೇಲೆ ಉಳಿದ ಈ ನೀರೇ ಕಾರಣ. ಒಳಗೇ ಚೆನ್ನಾಗಿ ಮೈ ಒರೆಸಿಕೊಂಡು ಬರಬೇಕೆಂದು ಹಿರಿಯರು ಹೇಳುವ ಮಾತಿಗೆ ಭೌತಶಾಸ್ತ್ರದ ಒಪ್ಪಿಗೆಯಿದೆ.

ಚಳಿಗಾಲ ಏತಕ್ಕೆ?

ಸೂರ್ಯ ದೂರವಾಗುವುದರಿಂದ ಚಳಿಗಾಲ ಬರುತ್ತದೆಂದು ತಿಳಿದವರು ಇಂದಿಗೂ ಇದ್ದಾರೆ. ವಾಸ್ತವವಾಗಿ ಭೂಮಿ ಸೂರ್ಯನಿಗೆ ಅತಿ ಸಮೀಪವಾಗಿರುವುದು ಜನವರಿ ತಿಂಗಳ ಮೊದಲ ವಾರದಲ್ಲಿ. ಆಗ ಇಬ್ಬರ ನಡುವಣ ದೂರ ಸುಮಾರು ೧೪.೭ ಕೋಟಿ ಕಿಲೋಮೀಟರ್. ಜುಲೈಯಲ್ಲಿ ಸುಮಾರು ೧೫.೨ ಕೋಟಿ. ಕಾರಣವಿರುವುದು ಭೂಮಿಯ ಅಕ್ಷದ ಓರೆಯಲ್ಲಿ. ಡಿಸೆಂಬರ್ ಮೂರನೆಯ ವಾರದಲ್ಲಿ ನಡುಹಗಲಿನ ಸೂರ್ಯ ಬೆಂಗಳೂರಿನಲ್ಲಿ ದಿಗಂತದಿಂದ ಸುಮಾರು ೫೪ ಡಿಗ್ರಿ ಮೇಲಿದ್ದರೆ, ದಿಲ್ಲಿಯಲ್ಲಿ ಕೇವಲ ೩೮ ಡಿಗ್ರಿ ಮೇಲಿರುತ್ತಾನೆ. ಓರೆಯಾಗಿ ಬಿದ್ದ ಬಿಸಿಲು ಹೆಚ್ಚು ನೆಲದ ಮೇಲೆ ಹಂಚಿಹೋಗುತ್ತದೆ. ಹಗಲಿನ ಅವಧಿಯೂ ಬೆಂಗಳೂರಿನಲ್ಲಿ ಸುಮಾರು ೧೧ ಗಂಟೆ ೨೦ ನಿಮಿಷವಾದರೆ, ದಿಲ್ಲಿಯಲ್ಲಿ ಅದಕ್ಕಿಂತ ಒಂದು ಗಂಟೆ ಕಡಮೆ. ಗಳಿಕೆ ಕಡಮೆ, ಖರ್ಚಿನ ರಾತ್ರಿ ದೀರ್ಘ. ಸಂಸಾರದ ಲೆಕ್ಕದಂತೆಯೇ ನೆಲದ ಲೆಕ್ಕವೂ ನಷ್ಟದಲ್ಲಿ ಮುಗಿಯುತ್ತದೆ.

ಅಡಿಗೆಮನೆಯಲ್ಲಿ

ನಮ್ಮ ಮನೆಗಳಲ್ಲಿ ಚಳಿಗಾಲದ ಬರವನ್ನು ಮೊದಲು ಸಾರುವುದು ಕೊಬ್ಬರಿ ಎಣ್ಣೆಯ ಸೀಸೆ. ಈ ಎಣ್ಣೆ ೨೪-೨೫ ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಅದರಲ್ಲಿರುವ ಮೇದಾಮ್ಲಗಳಲ್ಲಿ ಸುಮಾರು ನೂರಕ್ಕೆ ತೊಂಬತ್ತರಷ್ಟು ನೆಟ್ಟನೆಯ ಸರಪಳಿಯಂಥವು. ಸೌದೆಯ ಹೊರೆಯಲ್ಲಿನ ನೇರವಾದ ಕಟ್ಟಿಗೆಗಳಂತೆ ಅವು ಒತ್ತೊತ್ತಾಗಿ ಕೂಡಿಕೊಳ್ಳುತ್ತವೆ. ಕಡಲೆಕಾಯಿ ಎಣ್ಣೆಯ ಅಣುಗಳು ನಡುವೆ ಬಾಗಿರುವುದರಿಂದ ಅಷ್ಟು ಸುಲಭವಾಗಿ ಕೂಡಿಕೊಳ್ಳಲಾರವು. ಸಾಸಿವೆ ಎಣ್ಣೆಯಂತೂ ನೀರು ಹೆಪ್ಪುಗಟ್ಟುವ ಚಳಿಯಲ್ಲಿಯೂ ದ್ರವವಾಗಿಯೇ ಉಳಿಯುತ್ತದೆ. ಹೀಗೆ ಕೊಬ್ಬರಿ ಎಣ್ಣೆಯ ಸೀಸೆ ಪ್ರತಿ ಮನೆಯಲ್ಲಿಯೂ ಇರುವ, ಒಂದೇ ಗೆರೆಯುಳ್ಳ ಉಷ್ಣಮಾಪಕವೆನ್ನಬಹುದು.

ಎರಡನೆಯ ತೊಂದರೆ ದೋಸೆಹಿಟ್ಟಿನದು. ಬೇಸಿಗೆಯಲ್ಲಿ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆಯಿಂದ ಉಕ್ಕಿ ಬಂದರೆ, ಪುಷ್ಯಮಾಸದಲ್ಲಿ ಇಟ್ಟಲ್ಲಿಯೇ ಇರುತ್ತದೆ. ಹಿಟ್ಟನ್ನು ಹುದುಗಿಸುವ ಸೂಕ್ಷ್ಮಜೀವಿಗಳ ಕೆಲಸ ಉಷ್ಣತೆ ಇಳಿದಂತೆ ಬಹಳ ನಿಧಾನವಾಗುವುದೇ ಇದಕ್ಕೆ ಕಾರಣ. ಆಗ ಕೆಲವರು ಪಾತ್ರೆಗೆ ಕಂಬಳಿ ಸುತ್ತಿಡುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಂಬಳಿ ಶಾಖವನ್ನು ಉಂಟುಮಾಡುವುದಿಲ್ಲ. ಇದ್ದ ಶಾಖ ಹೊರಗೆ ಹೋಗುವುದನ್ನೂ ಹೊರಗಿನದು ಒಳಗೆ ಬರುವುದನ್ನೂ ತಡೆಯುತ್ತದೆ, ಅಷ್ಟೆ. ತಣ್ಣನೆಯ ನೀರಿನಲ್ಲಿ ರುಬ್ಬಿದ ಹಿಟ್ಟಿಗೆ ಕಂಬಳಿ ಹೊದಿಸಿದರೆ ಅದರ ತಂಪನ್ನೇ ಜೋಪಾನ ಮಾಡಿದಂತಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹಿಟ್ಟನ್ನು ಕಲಸಿ ಆಮೇಲೆ ಸುತ್ತಿಟ್ಟರೆ ಮಾತ್ರ ಕಂಬಳಿ ನಮ್ಮ ಪಕ್ಷ ವಹಿಸುತ್ತದೆ. ಹಾಲಿಗೆ ಹೆಪ್ಪು ಹಾಕುವಾಗಲೂ ಇದೇ ನಿಯಮ. ಸಂದೇಹವಿದ್ದವರು ಮಂಜುಗಡ್ಡೆಯ ಎರಡು ಸಮನಾದ ತುಂಡುಗಳನ್ನು ತಂದು, ಒಂದನ್ನು ಬಯಲಿನಲ್ಲಿಟ್ಟು ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿಟ್ಟು ನೋಡಬಹುದು. ಬೇಗ ಕರಗುವುದು ಬಯಲಿನಲ್ಲಿರುವುದು.

ಕಂಬಳಿಯ ಗುಟ್ಟು ಅದರ ಉಣ್ಣೆಗಿಂತ ಹೆಚ್ಚಾಗಿ ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಲ್ಲಿದೆ. ಕದಲದ ಗಾಳಿ ಬಹಳ ಮಂದವಾದ ವಾಹಕ. ನೀರು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸುತ್ತದೆ. ಒಂದು ದಪ್ಪ ಅಂಗಿಗಿಂತ ಎರಡು ತೆಳುವಾದ ಅಂಗಿಗಳು ಹೆಚ್ಚು ಬೆಚ್ಚಗಿರುವುದೂ, ಒದ್ದೆಯಾದ ಬಟ್ಟೆ ಮೈ ನಡುಗಿಸುವುದೂ ಇದರಿಂದಲೇ. ನಮ್ಮ ಕುರಿಗಾಹಿಗಳ ಒರಟು ಕಂಬಳಿ ಈ ವಿಷಯದಲ್ಲಿ ಬಹು ಜಾಣತನದ ವಸ್ತು: ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆಯೆನಿಸುವುದಿಲ್ಲ.

ತುಟಿಯೊಡೆಯುವುದು ಚಳಿಯಿಂದಲೇ ಎಂಬ ನಂಬಿಕೆಯನ್ನೂ ಸ್ವಲ್ಪ ತಿದ್ದಬೇಕಾಗಿದೆ. ೧೫ ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು ೧೩ ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ೨೮ ಡಿಗ್ರಿಯಲ್ಲಿ ಸುಮಾರು ೨೭ ಗ್ರಾಂ. ಬಯಲುಸೀಮೆಯಲ್ಲಿ ಮುಂಜಾನೆ ಮುಕ್ಕಾಲು ತುಂಬಿದ್ದ ಗಾಳಿ, ಹೊಸದಾಗಿ ತೇವ ದೊರೆಯದೆ ಮಧ್ಯಾಹ್ನ ೨೮ ಡಿಗ್ರಿಗೆ ಏರಿದರೆ ಸುಮಾರು ಮೂರನೆಯ ಒಂದು ಭಾಗ ಮಾತ್ರ ತುಂಬಿರುತ್ತದೆ. ಬಾಯಾರಿದ ಆ ಗಾಳಿ ತುಟಿಯಿಂದಲೂ ಹಿಮ್ಮಡಿಯಿಂದಲೂ ನೀರನ್ನು ಹೀರುತ್ತದೆ. ತುಪ್ಪವನ್ನೋ ಎಣ್ಣೆಯನ್ನೋ ಸವರಿದರೆ ಆ ಹೀರುವಿಕೆಗೆ ತಡೆಯುಂಟಾಗುತ್ತದೆ.

ಬಯಲಿನ ಆಕಾಶ, ಹುಲ್ಲಿನ ಇಬ್ಬನಿ

ಗಾಳಿ ತಣ್ಣಗಾದಂತೆ ಅದು ಹಿಡಿದಿಡಬಲ್ಲ ನೀರಾವಿ ಕಡಮೆಯಾಗುತ್ತದೆಂಬ ಈ ಸಂಗತಿಯೇ ಇಬ್ಬನಿಗೆ ಮೂಲ. ಅವರೆಕಾಯಿಯ ಕಾಲದಲ್ಲಿ ಹೊಲಕ್ಕೆ ಹೋದವರೆಲ್ಲರೂ ಬಯಲಿನ ಹುಲ್ಲು ತೋಯ್ದಿದ್ದು ಮರದಡಿಯ ಹುಲ್ಲು ಒಣಗಿರುವುದನ್ನು ನೋಡಿರುತ್ತಾರೆ. ಬಯಲಿನ ಹುಲ್ಲು ಮೋಡವಿಲ್ಲದ ಆಕಾಶಕ್ಕೆ ತನ್ನ ಶಾಖವನ್ನು ವಿಕಿರಣದ ಮೂಲಕ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮರದಡಿಯ ಹುಲ್ಲಿಗೆ ಎಲೆಗಳು ಕಿರಣಗಳನ್ನು ಹಿಂದಿರುಗಿಸುತ್ತಿರುತ್ತವೆ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬಾತ ರಾತ್ರಿಯೆಲ್ಲ ಉಣ್ಣೆಯ ಸಣ್ಣ ಉಂಡೆಗಳನ್ನು ಬಯಲಿನಲ್ಲಿಟ್ಟು, ಅವುಗಳಿಗೆ ಅಂಟಿದ ಇಬ್ಬನಿಯನ್ನು ತೂಗಿ, ಇದನ್ನು ೧೮೧೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದನು.

ನಮ್ಮ ದೇಶದ ಉತ್ತರದ ಬಯಲಿನ ಜನ ಇದೇ ತತ್ತ್ವದಿಂದ ಅದಕ್ಕೂ ಹಿಂದೆಯೇ ಲಾಭ ಪಡೆದಿದ್ದರು. ಅಲಹಾಬಾದಿನ, ಎಂದರೆ ಈಗಿನ ಪ್ರಯಾಗರಾಜದ, ಬಳಿ ಮಂಜುಗಡ್ಡೆಯನ್ನು ತಯಾರಿಸುತ್ತಿದ್ದ ಕ್ರಮವನ್ನು ರಾಬರ್ಟ್ ಬಾರ್ಕರ್ ೧೭೭೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದ್ದಾನೆ. ಆಳವಿಲ್ಲದ ಗುಂಡಿಗಳಲ್ಲಿ ಒಣಗಿದ ದಂಟುಗಳನ್ನು ದಪ್ಪವಾಗಿ ಹಾಸಿ, ಅದರ ಮೇಲೆ ಮಣ್ಣಿನ ತಟ್ಟೆಗಳಲ್ಲಿ ತೆಳುವಾಗಿ ನೀರು ತುಂಬಿ ರಾತ್ರಿ ಬಿಡುತ್ತಿದ್ದರು. ಗಾಳಿಯ ಉಷ್ಣತೆ ಸೊನ್ನೆಗೆ ಇಳಿಯದಿದ್ದರೂ ಬೆಳಗಿನ ಹೊತ್ತಿಗೆ ತಟ್ಟೆಗಳಲ್ಲಿ ಮಂಜು ಕಟ್ಟಿರುತ್ತಿತ್ತು. ಕೆಳಗಿನಿಂದ ಬರುವ ನೆಲದ ಶಾಖವನ್ನು ದಂಟು ತಡೆಯುತ್ತಿತ್ತು. ಮೇಲೆ ಆಕಾಶವು ಶಾಖವನ್ನು ಸೆಳೆದುಕೊಳ್ಳುತ್ತಿತ್ತು. ತಟ್ಟೆಯಿಂದ ಆರುವ ನೀರೂ ಒಂದಿಷ್ಟು ನೆರವಾಗುತ್ತಿತ್ತು.

ಉತ್ತರಕ್ಕೆ ಹೊರಟವನು

ಅದೇ ಬಯಲಿಗೆ ಈಗ ನಮ್ಮವನೊಬ್ಬನು ಹೊರಟಿದ್ದಾನೆಂದು ಭಾವಿಸೋಣ. ಕಚೇರಿಯ ಕಡತಗಳನ್ನೋ ವ್ಯಾಪಾರದ ಮಾದರಿಗಳನ್ನೋ ಹಿಡಿದು ಜನವರಿಯಲ್ಲಿ ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿಗೆ ಹೋಗುವವನು ಎರಡು ರಾತ್ರಿ ಗಾಡಿಯಲ್ಲಿ ಕಳೆಯಬೇಕು. ಮೊದಲನೆಯ ರಾತ್ರಿ ನಮ್ಮ ಚಳಿಯೇ. ಎರಡನೆಯ ರಾತ್ರಿ ಭೋಪಾಲವನ್ನು ದಾಟಿ, ನಸುಕಿನಲ್ಲಿ ಗ್ವಾಲಿಯರ್, ಆಗ್ರಾ, ಮಥುರೆಗಳ ಕಡೆಗೆ ಸಾಗುವಾಗ ಕಿಟಕಿಯ ಹೊರಗೆ ಹತ್ತಿಯಂತಹ ಬಿಳುಪಲ್ಲದೆ ಬೇರೇನೂ ಕಾಣದಿರಬಹುದು.

ಈ ಮಂಜು ಹುಲ್ಲಿನ ಮೇಲಿನ ಇಬ್ಬನಿಯ ಅಣ್ಣ. ದೀರ್ಘವಾದ ರಾತ್ರಿ, ಮೋಡವಿಲ್ಲದ ಆಕಾಶ, ಕದಲದ ಗಾಳಿ, ನೀರುಣಿಸಿದ ಗೋಧಿಯ ಹೊಲಗಳ ತೇವ, ಇವೆಲ್ಲವೂ ಗಂಗಾ ಯಮುನೆಗಳ ಬಯಲಿನಲ್ಲಿ ಒಂದೆಡೆ ಸೇರುತ್ತವೆ. ನೆಲ ತಣ್ಣಗಾಗುತ್ತದೆ, ಅದನ್ನು ಮುಟ್ಟಿದ ಗಾಳಿಯ ಪದರವೂ ತಣ್ಣಗಾಗುತ್ತದೆ. ಹೆಚ್ಚಾದ ಆವಿ ಹೊಗೆ ಮತ್ತು ಧೂಳಿನ ಕಣಗಳನ್ನು ಆಶ್ರಯಿಸಿ ಹನಿಗೂಡುತ್ತದೆ. ಒಂದು ಘನ ಮೀಟರ್ ಮಂಜಿನಲ್ಲಿರುವ ಹನಿಗಳ ನೀರನ್ನೆಲ್ಲ ಕೂಡಿಸಿದರೂ ಸಾಮಾನ್ಯವಾಗಿ ಅರ್ಧ ಗ್ರಾಂ ಆಗುವುದಿಲ್ಲ. ಆದರೆ ಅಷ್ಟು ನೀರು ಲೆಕ್ಕವಿಲ್ಲದಷ್ಟು ಸೂಕ್ಷ್ಮವಾದ ಹನಿಗಳಾಗಿ ಹರಡಿರುವುದರಿಂದ ಬೆಳಕನ್ನೆಲ್ಲ ಚೆದರಿಸಿಬಿಡುತ್ತದೆ. ಒಂದು ಕಿಲೋಮೀಟರಿಗಿಂತ ಆಚೆ ಕಾಣದಿದ್ದರೆ ಹವಾಮಾನ ಇಲಾಖೆ ಅದನ್ನು ಮಂಜೆಂದು ಕರೆಯುತ್ತದೆ. ೨೦೦ ಮೀಟರಿಗಿಂತ ಕಡಮೆಯಾದರೆ ದಟ್ಟವಾದ ಮಂಜು, ೫೦ ಮೀಟರಿಗಿಂತ ಕಡಮೆಯಾದರೆ ಅತಿ ದಟ್ಟವಾದ ಮಂಜು.

ವೇಗವಾಗಿ ಹೋಗುವ ರೈಲುಗಾಡಿ ನಿಲ್ಲಲು ಒಂದು ಕಿಲೋಮೀಟರಿನಷ್ಟು ದೂರ ಬೇಕಾಗಬಹುದು. ಕೈಕಂಬ ಕಣ್ಣಿಗೆ ಬೀಳುವುದು ೫೦ ಮೀಟರ್ ದೂರದಲ್ಲಾದರೆ ವೇಗವನ್ನು ಇಳಿಸದೆ ಗತ್ಯಂತರವಿಲ್ಲ. ಮುಂದೆ ಕೈಕಂಬವಿದೆಯೆಂದು ಚಾಲಕನಿಗೆ ಸದ್ದಿನಿಂದ ತಿಳಿಸಲು ಹಳಿಯ ಮೇಲೆ ಸಿಡಿಯುವ ಡಬ್ಬಿಗಳನ್ನಿಡುವ ಪದ್ಧತಿ ಹಳೆಯದು. ಉಪಗ್ರಹಗಳ ನೆರವಿನಿಂದ ಮುಂದಿನ ಕೈಕಂಬದ ದೂರವನ್ನು ಹೇಳುವ ಸಾಧನಗಳೂ ಈಗ ಬಂದಿವೆ. ಇಷ್ಟಾದರೂ ಗಾಡಿ ಗಂಟೆಗಟ್ಟಲೆ ತಡವಾಗುವುದುಂಟು. ಆದುದರಿಂದ ಗಾಡಿಯಿಂದಿಳಿಯುವ ದಿನವೇ ಮುಖ್ಯವಾದ ಭೇಟಿಯನ್ನು ಗೊತ್ತುಮಾಡಿಕೊಳ್ಳದಿರುವುದು ಪ್ರಯಾಣಿಕನಿಗೆ ಕ್ಷೇಮ.

ದಿಲ್ಲಿಯ ಎರಡು ಬಗೆಯ ಚಳಿ

ದಿಲ್ಲಿಯಲ್ಲಿ ಚಳಿ ಎರಡು ವೇಷಗಳಲ್ಲಿ ಬರುತ್ತದೆ. ೨೦೦೬ರ ಜನವರಿ ೮ರ ಬೆಳಗ್ಗೆ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ ಉಷ್ಣತೆ ೦.೨ ಡಿಗ್ರಿಗೆ ಇಳಿದಿತ್ತು. ಇದು ಇರುಳಿನ ಚಳಿ. ಶಾಖ ಆಕಾಶಕ್ಕೆ ಸೋರಿಹೋದುದರ ಫಲ. ೨೦೧೯ರ ಡಿಸೆಂಬರ್ ೩೦ರಂದು ಅಲ್ಲಿಯೇ ದಿನದ ಗರಿಷ್ಠ ಉಷ್ಣತೆ ೯.೪ ಡಿಗ್ರಿಯನ್ನು ಮೀರಲಿಲ್ಲ. ಇದು ಹಗಲಿನ ಚಳಿ; ಮಂಜು ಕವಿದು ಬಿಸಿಲು ನೆಲಕ್ಕೆ ತಲುಪದಿರುವಾಗ ಇಂಥ ದಿನಗಳು ಬರುತ್ತವೆ. ನಮ್ಮೂರಿನವನಿಗೆ ಎರಡನೆಯದೇ ಹೆಚ್ಚು ಬಾಧಕ. ಬೆಂಗಳೂರಿನಲ್ಲಿ ಬೆಳಗಿನ ಚಳಿ ಹತ್ತು ಗಂಟೆಗೆ ಬಿಟ್ಟುಹೋಗುವುದನ್ನು ಅವನು ಬಲ್ಲ. ಹಗಲೆಲ್ಲ ಬಿಡದ ಚಳಿಗೆ ಅವನ ಉಡುಪೂ ಮನಸ್ಸೂ ಸಿದ್ಧವಾಗಿರುವುದಿಲ್ಲ.

ಸಂಜೆಯ ಹೊತ್ತಿಗೆ ಇನ್ನೊಂದು ವಿಶೇಷವನ್ನು ಕಾಣಬಹುದು. ಸಾಮಾನ್ಯವಾಗಿ ಮೇಲಕ್ಕೆ ಹೋದಂತೆ ಗಾಳಿ ತಂಪಾಗುತ್ತದೆ. ಬೆಚ್ಚನೆಯ ಹೊಗೆ ಏರಿ ಚೆದರಿಹೋಗುತ್ತದೆ. ಚಳಿಗಾಲದ ರಾತ್ರಿ ನೆಲದ ಬಳಿಯ ಗಾಳಿಯೇ ಹೆಚ್ಚು ತಂಪಾಗಿ ಮೇಲಿನದು ಬೆಚ್ಚಗಿರುವುದರಿಂದ ಹೊಗೆ ಸ್ವಲ್ಪ ಎತ್ತರಕ್ಕೆ ಏರಿ, ಚಾವಣಿಗೆ ತಗುಲಿದಂತೆ ಅಡ್ಡಲಾಗಿ ಹರಡುತ್ತದೆ. ವಾಹನಗಳ, ಒಲೆಗಳ, ಕಾರ್ಖಾನೆಗಳ ಹೊಗೆಯೆಲ್ಲ ಈ ಮುಚ್ಚಳದ ಕೆಳಗೆ ಉಳಿಯುತ್ತದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಕಣಗಳು ದಿನದ ಸರಾಸರಿಯಲ್ಲಿ ಒಂದು ಘನ ಮೀಟರಿಗೆ ೬೦ ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ೨೦೦೯ರ ಮಾನಕ ಹೇಳುತ್ತದೆ. ದಿಲ್ಲಿಯ ಚಳಿಗಾಲದಲ್ಲಿ ಅದು ೨೦೦ನ್ನು ದಾಟುವುದು ಅಪರೂಪವಲ್ಲ. ಉಬ್ಬಸದವರು ನಸುಕಿನ ತಿರುಗಾಟವನ್ನು ಅಲ್ಲಿ ಬಿಡುವುದೇ ಲೇಸು.

ರಾತ್ರಿ ಹೊದೆಯಲು ದೊರೆಯುವ ಹತ್ತಿಯ ರಜಾಯಿ ನಮ್ಮ ಕಂಬಳಿಯ ಕೆಲಸವನ್ನೇ ಮಾಡುತ್ತದೆ. ಹತ್ತಿ ತೇವವನ್ನು ಹೀರಿ ಒತ್ತಿಕೊಂಡಾಗ ಗಾಳಿಯ ಜಾಗ ಕಡಮೆಯಾಗುವುದರಿಂದ ಅಲ್ಲಿಯವರು ಅದನ್ನು ಮತ್ತೆ ಮತ್ತೆ ಬಿಸಿಲಿಗೆ ಹಾಕಿ ಉಬ್ಬಿಸುತ್ತಾರೆ. ಹೊದೆದ ಕೂಡಲೆ ಅದು ತಣ್ಣಗಿರುತ್ತದೆಂದು ಬೇಸರಿಸಬಾರದು. ನಮ್ಮ ನೂರು ವಾಟಿನ ದೇಹವೇ ಅದಕ್ಕೆ ಒಲೆ. ಹತ್ತು ಹದಿನೈದು ನಿಮಿಷದಲ್ಲಿ ಅದು ಬೆಚ್ಚಗಾಗುತ್ತದೆ.

ಮುಚ್ಚಿದ ಕೋಣೆಯ ಕೆಂಡ

ಆ ಹದಿನೈದು ನಿಮಿಷವನ್ನು ಸಹಿಸಲಾರದೆ, ಕೋಣೆಯಲ್ಲಿ ಅಂಗೀಠಿಯನ್ನು, ಎಂದರೆ ಇದ್ದಲಿನ ಅಗ್ಗಿಷ್ಟಿಕೆಯನ್ನು, ಇಟ್ಟುಕೊಂಡು ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ಮಲಗುವವರಿದ್ದಾರೆ. ಹಾಗೆ ಮಲಗಿದವರು ಬೆಳಗ್ಗೆ ಏಳದಿರುವ ಸುದ್ದಿ ಪ್ರತಿ ಚಳಿಗಾಲದಲ್ಲಿಯೂ ವೃತ್ತಪತ್ರಿಕೆಗಳಲ್ಲಿ ಬರುತ್ತದೆ. ಇದ್ದಲು ಸಾಕಷ್ಟು ಆಮ್ಲಜನಕದಲ್ಲಿ ಉರಿದರೆ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಆಮ್ಲಜನಕ ಸಾಲದಾದಾಗ ಇಂಗಾಲದ ಮಾನಾಕ್ಸೈಡ್ ಹೆಚ್ಚುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣುರಿ ಕೆಮ್ಮುಗಳನ್ನೂ ಅದು ತರುವುದಿಲ್ಲ. ಹೊಗೆಯಿಲ್ಲದ ಕೆಂಡ ನಿರಪಾಯವೆಂಬ ಭ್ರಮೆ ಹುಟ್ಟುವುದು ಹೀಗೆ. ರಕ್ತದ ಹೀಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇದರ ಮೇಲೆ ಇನ್ನೂರು ಪಟ್ಟಿಗೂ ಹೆಚ್ಚು ಒಲವು. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಲಕ್ಷಣಗಳು. ನಿದ್ರಿಸುತ್ತಿರುವವನಿಗೆ ಅವೂ ತಿಳಿಯದೆ ಪ್ರಜ್ಞೆ ಹೋಗುತ್ತದೆ.

ಇದು ಉತ್ತರದವರ ತೊಂದರೆ ಮಾತ್ರವೆಂದು ನಾವು ತಿಳಿಯಬಾರದು. ನಮ್ಮ ನಗರಗಳ ಸ್ನಾನದ ಮನೆಗಳಲ್ಲಿ ಗ್ಯಾಸ್ ಗೀಸರು ಅದೇ ಕೆಲಸವನ್ನು ಮಾಡಬಲ್ಲದು. ಒಂದು ಕಿಲೋಗ್ರಾಂ ಅಡಿಗೆ ಅನಿಲ ಪೂರ್ಣವಾಗಿ ಉರಿಯಲು ಸುಮಾರು ೧೩ ಘನ ಮೀಟರ್ ಗಾಳಿ ಬೇಕು. ಒಂದೂವರೆ ಮೀಟರ್ ಉದ್ದಗಲ, ಎರಡೂವರೆ ಮೀಟರ್ ಎತ್ತರದ ಸ್ನಾನದ ಮನೆಯಲ್ಲಿರುವ ಗಾಳಿ ಆರು ಘನ ಮೀಟರಿಗೂ ಕಡಮೆ. ೧೦ ಕಿಲೋವಾಟಿನ ಗೀಸರು ಅರ್ಧ ಗಂಟೆ ಉರಿದರೆ ಸುಮಾರು ೪೦೦ ಗ್ರಾಂ ಅನಿಲವನ್ನು ಸುಟ್ಟು ಐದು ಘನ ಮೀಟರ್ ಗಾಳಿಯನ್ನು ಬಳಸುತ್ತದೆ. ಅಷ್ಟು ಹೊತ್ತಾಗುವುದಕ್ಕೆ ಬಹಳ ಮೊದಲೇ ಜ್ವಾಲೆಗೆ ಆಮ್ಲಜನಕ ಸಾಲದೆ ವಿಷಾನಿಲ ಹುಟ್ಟತೊಡಗುತ್ತದೆ. ಆದುದರಿಂದ ಇಂತಹ ಗೀಸರನ್ನು ಸ್ನಾನದ ಮನೆಯ ಹೊರಗೆ, ಗಾಳಿ ಚೆನ್ನಾಗಿ ಆಡುವ ಕಡೆ ಕೂರಿಸಿ, ನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತರಬೇಕು.

ಕಿಟಕಿ ತೆರೆದರೆ ಕೋಣೆಯ ಬೆಚ್ಚನೆಯೆಲ್ಲ ಹೋಗುವುದಲ್ಲ ಎಂದು ಕೇಳುವವರಿಗೆ ಒಂದು ಲೆಕ್ಕವನ್ನು ಒಪ್ಪಿಸುತ್ತೇವೆ. ಮೂರು ಮೀಟರ್ ಉದ್ದ, ಅಗಲ, ಎತ್ತರಗಳ ಕೋಣೆಯಲ್ಲಿ ೨೭ ಘನ ಮೀಟರ್ ಗಾಳಿಯಿದೆ; ಅದರ ತೂಕ ಸುಮಾರು ೩೨ ಕಿಲೋಗ್ರಾಂ. ಹೊರಗಿನ ಗಾಳಿ ೧೫ ಡಿಗ್ರಿಯಷ್ಟು ತಂಪಾಗಿದ್ದು, ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾದರೂ ಆಗುವ ಶಾಖದ ನಷ್ಟ ಸುಮಾರು ೧೩೫ ವಾಟ್. ಕೋಣೆಯಲ್ಲಿ ಮಲಗಿದ ಇಬ್ಬರ ದೇಹಗಳೇ ಅದನ್ನು ಹೆಚ್ಚುಕಡಮೆ ತುಂಬಿಕೊಡಬಲ್ಲವು. ಶುದ್ಧವಾದ ಗಾಳಿಗೆ ಇದು ದುಬಾರಿ ಬೆಲೆಯಲ್ಲ. ಆದರೆ ಕೆಂಡಕ್ಕೆ ಈ ಲೆಕ್ಕ ಸಲ್ಲದು: ಕಿಟಕಿಯನ್ನು ಒಂದಿಷ್ಟು ತೆರೆದಿಟ್ಟೆವೆಂಬ ಧೈರ್ಯದಿಂದಲೂ ಮಲಗುವ ಕೋಣೆಯಲ್ಲಿ ಇದ್ದಲನ್ನು ಉರಿಸಬಾರದು. ಯಾರಿಗಾದರೂ ಈ ಅನಿಲ ತಗುಲಿದೆಯೆಂದು ಸಂದೇಹ ಬಂದರೆ, ಬಾಗಿಲು ಕಿಟಕಿಗಳನ್ನು ತೆರೆದು, ಅವರನ್ನು ಕೂಡಲೆ ಬಯಲಿನ ಗಾಳಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಕೊಡುವ ಶುದ್ಧ ಆಮ್ಲಜನಕವೇ ಇದಕ್ಕೆ ಮದ್ದು.

ಚಳಿಗಾಲದಲ್ಲಿ ನಾವು ಮಾಡಬೇಕಾದ ಕೆಲಸ ಇಷ್ಟೇ: ದೇಹದ ಶಾಖ ಹೊರಡುವ ದಾರಿಗಳಿಗೆ ತಕ್ಕ ತಡೆಯನ್ನೊಡ್ಡುವುದು. ಕಲ್ಲಿನ ಮೇಲೆ ಚಾಪೆ, ಮೈಗೆ ಎರಡು ಪದರದ ಬಟ್ಟೆ, ಮಿಂದ ಮೈಗೆ ಒಣಗಿದ ಟವಲು, ತಲೆಯ ಮೇಲೆ ಆಕಾಶಕ್ಕೆ ಅಡ್ಡವಾಗಿ ಸೂರು ಅಥವಾ ಟೋಪಿ, ಇವು ನಾಲ್ಕು ದಾರಿಗಳಿಗೆ ನಾಲ್ಕು ಕದಗಳು. ಈ ಕದಗಳನ್ನು ಮುಚ್ಚುವವನು ಗಾಳಿಯ ಕದವನ್ನು ಮಾತ್ರ ಮುಚ್ಚದಿರಲಿ.